ಕಾಡಿನೊಳಗಣ ಕಲ್ಲುಗಳು ಯಾರ ಹೊಣೆ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿದಾಗ, ಹಳೆಯ ದಿನಗಳ ಸವಿನೆನಪುಗಳನ್ನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಅಂತಹ ನೆನಪುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲ ಹಳೆಯ ವಿದ್ಯಾರ್ಥಿಗಳು ನಮ್ಮಲ್ಲಿ ಅನೇಕರಿದ್ದಾರೆ. ಆದುದರಿಂದ ಬಹುಕಾಲದಿಂದ ನನ್ನ ಮನಸ್ಸನ್ನು ಕೊರೆಯುತ್ತಿರುವ ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಸೂಲೂರಿನ ಕನ್ನಡ ಮನೆಗಳವರು ಚಾಮರಾಜನಗರಕ್ಕೋ ಮೈಸೂರಿಗೋ ನಂಟರ ಮನೆಯ ಮದುವೆಗೆಂದು ಹೊರಟಾಗ ದಾಟಿಹೋಗುವ ಕಾಡುಗಳಿವೆಯಷ್ಟೆ, ಅವುಗಳನ್ನು ಕುರಿತದ್ದು ಈ ವಿಷಯ. ಆ ಕಾಡುಗಳಲ್ಲಿ ಹುಲಿ, ಆನೆ, ಕಾಟಿಗಳಷ್ಟೇ ಇಲ್ಲ. ಹಳೆಯ ಗುಡಿಗಳಿವೆ, ಕೋಟೆಯ ಅವಶೇಷಗಳಿವೆ, ವೀರಗಲ್ಲುಗಳಿವೆ, ಜನರು ಬಿಟ್ಟುಹೋದ ಹಟ್ಟಿಗಳ ನೆಲೆಗಳಿವೆ. ಹುಲಿಗೆ ಇಂದು ಕಾವಲಿದೆ. ಕಲ್ಲಿಗೆ ಕಾವಲು ಯಾರು ಎಂಬುದೇ ನನ್ನ ಪ್ರಶ್ನೆ.

ಮೊದಲಿಗೆ ನಮ್ಮ ಊರಿನ ಮಾತನ್ನೇ ಹೇಳಿಬಿಡುತ್ತೇನೆ. ಸೂಲೂರಿನ ಬೃಹತ್ ಶಿಲಾಯುಗದ ಸಮಾಧಿಯೊಂದರಲ್ಲಿ ದೊರೆತ, ಗೀರುಗುರುತುಗಳುಳ್ಳ ಮಣ್ಣಿನ ತಟ್ಟೆಯೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ಮೇಲಿನ ಗುರುತುಗಳು ಸಿಂಧೂ ಲಿಪಿಯನ್ನು ಹೋಲುತ್ತವೆಯೋ ಇಲ್ಲವೋ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ಲಿಪಿಯ ಸಂಗತಿ ಹಾಗಿರಲಿ. ಎರಡು ಸಾವಿರ ವರ್ಷಗಳಿಗಿಂತ ಹಿಂದೆ ನೊಯ್ಯಲ್ ನದಿಯ ದಡದಲ್ಲಿ ಬಾಳಿದ ಜನರ ಕೈಗುರುತು ಅದು. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಮಕ್ಕಳಿಗೆ ಆ ಸಮಾಧಿಯಿದ್ದ ಸ್ಥಳವನ್ನು ತೋರಿಸೋಣವೆಂದು ಊರಿನ ಹಿರಿಯರನ್ನೆಲ್ಲ ವಿಚಾರಿಸಿದೆ. ಒಬ್ಬರು ಕೆರೆಯ ಕಡೆ ಕೈದೋರಿದರು, ಇನ್ನೊಬ್ಬರು ವಿಮಾನದಳದ ನೆಲೆಯ ಕಡೆ ಕೈದೋರಿದರು. ನಿಶ್ಚಯವಾಗಿ ತೋರಿಸಬಲ್ಲವರು ಇಂದಿನವರೆಗೂ ನನಗೆ ದೊರೆತಿಲ್ಲ. ತಟ್ಟೆ ಉಳಿಯಿತು, ತಾಣ ಅಳಿಯಿತು. ಬಯಲುನಾಡಿನಲ್ಲಿ ಹೀಗಾಗುವುದು ಸಹಜ. ಉಳುತ್ತೇವೆ, ಮನೆ ಕಟ್ಟುತ್ತೇವೆ, ರಸ್ತೆ ಹಾಕುತ್ತೇವೆ. ಆದರೆ ಕಾಡಿನೊಳಗೆ ಉಳುವವರಿಲ್ಲ, ಮನೆ ಕಟ್ಟುವವರಿಲ್ಲ. ಅಲ್ಲಿಯೂ ಹೀಗೇಕೆ ಆಗಬೇಕು?

ನಾನು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಓದಿ, ಶಿಕ್ಷಕರ ತರಬೇತಿ ಪಡೆದು, ಜೀವನವಿಡೀ ಮಕ್ಕಳಿಗೆ ಅಕ್ಷರ ಕಲಿಸಿದವನು. ಅರಣ್ಯಶಾಸ್ತ್ರವನ್ನಾಗಲಿ ಪುರಾತತ್ತ್ವವನ್ನಾಗಲಿ ಓದಿದವನಲ್ಲ. ಈ ವಿಷಯದಲ್ಲಿ ನನಗಿರುವ ಅಧಿಕಾರ ಒಂದೇ: ನಾನು ಹುಟ್ಟಿದ್ದು ತಾಳವಾಡಿಯ ಬಳಿಯ ಹಳ್ಳಿಯೊಂದರಲ್ಲಿ. ಘಟ್ಟದ ಮೇಲಿನ ಆ ಬಯಲಿನ ಸುತ್ತಲೂ ಕಾಡು. ನಾನು ಹುಟ್ಟಿದಾಗ ಅದು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1979ರಲ್ಲಿ ಜಿಲ್ಲೆಯನ್ನು ವಿಭಜಿಸಿದಾಗ ಈರೋಡಿನ ಪಾಲಾಯಿತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ಕಾಡಿನಲ್ಲಿ ಮಾತ್ರ ಯಾವ ಭಾಷೆಯ ಹಂಗೂ ಇರಲಿಲ್ಲ.

ನಮ್ಮೂರ ಹೊರಗೆ ಕಾಡಿನ ಅಂಚಿನಲ್ಲಿ ಒಂದು ಕಲ್ಲು ನಿಂತಿತ್ತು. ವೀರನೊಬ್ಬ ಕಠಾರಿಯಿಂದ ಹುಲಿಯನ್ನು ಇರಿಯುತ್ತಿರುವ ಚಿತ್ರ ಅದರಲ್ಲಿತ್ತು. ಹುಲಿ ಹಿಂಗಾಲಿನ ಮೇಲೆ ನಿಂತು ಅವನ ಹೆಗಲಿಗೆ ಪಂಜ ಹಾಕಿದೆ. ಮೇಲಿನ ಪಟ್ಟಿಕೆಯಲ್ಲಿ ಅದೇ ವೀರ ಅಪ್ಸರೆಯರ ನಡುವೆ ಸ್ವರ್ಗಕ್ಕೆ ಹೋಗುತ್ತಿದ್ದಾನೆ. ಕೆಳಗೆ ಮೂರು ನಾಲ್ಕು ಸಾಲು ಬರಹ. ಕೊಂಗುನಾಡಿನಲ್ಲಿ ಇಂತಹ ಕಲ್ಲುಗಳನ್ನು ಪುಲಿಕುತ್ತಿ ಕಲ್ಲು ಎನ್ನುತ್ತಾರೆ. ದನ ಕಾಯುವ ಹುಡುಗರಾದ ನಮಗೆ ಅದು ಕುಡುಗೋಲು ಮಸೆಯುವ ಕಲ್ಲು. ನನ್ನ ಒಂದು ಅಪರಾಧವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಏಳನೆಯ ತರಗತಿಯಲ್ಲಿ ತೇರ್ಗಡೆಯಾದ ಸಂತೋಷದಲ್ಲಿ ಒಂದು ದಪ್ಪ ಮೊಳೆ ತಂದು, ಆ ಬರಹದ ಮೇಲೆಯೇ ನನ್ನ ಹೆಸರನ್ನು ಕೆತ್ತಿದೆ. ಅಕ್ಷರ ದುಂಡಾಗಿ ಬಂದಿತೆಂದು ಗೆಳೆಯರು ಹೊಗಳಿದರು. ಮುಂದೆ ನಲವತ್ತು ವರ್ಷ ಕಾಲ ಮಕ್ಕಳಿಗೆ ಗೋಡೆಯ ಮೇಲೆ ಬರೆಯಬೇಡಿರೆಂದು ಬೆತ್ತ ತೋರಿಸಿದವನೂ ನಾನೇ.

ನಮ್ಮ ಹಿರಿಯರು ಮೈಸೂರು ಸೀಮೆಯಿಂದ ಈ ಕಡೆಗೆ ಇಳಿದುಬಂದ ದಾರಿಗಳಲ್ಲಿ ಗಜ್ಜಲಹಟ್ಟಿಯ ಕಣಿವೆಯೂ ಒಂದೆಂದು ಹಳಬರು ಹೇಳುತ್ತಿದ್ದರು. ಮೋಯಾರು ಹೊಳೆಯನ್ನು ದಾಟಿ ಬರುವ ಆ ದಾರಿಯಲ್ಲಿ ನೇಕಾರರೂ ವರ್ತಕರೂ ಅಷ್ಟೇ ಅಲ್ಲ, ಸೈನ್ಯಗಳೂ ನಡೆದಿವೆ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪುವಿನ ದಂಡು ಇಳಿದದ್ದು ಇಲ್ಲಿಯೇ. ಇಂದು ಆ ಕಣಿವೆ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ಬಸ್ಸುಗಳು ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಹತ್ತಿಹೋಗುವುದರಿಂದ ಹಳೆಯ ದಾರಿಯ ಹೆಸರು ಕೂಡ ನಮ್ಮ ಮಕ್ಕಳಿಗೆ ತಿಳಿಯದು.

ಆ ದಾರಿಯನ್ನು ಕಾಯಲು ಭವಾನಿ ಮತ್ತು ಮೋಯಾರು ಕೂಡುವಲ್ಲಿ ಒಂದು ಕೋಟೆಯಿತ್ತು. ಅದೇ ದಣ್ಣಾಯಕನ ಕೋಟೆ. ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ ಮಾಧವ ದಂಡನಾಯಕನ ಹೆಸರು ಅದಕ್ಕೆ ಅಂಟಿಕೊಂಡಿದೆ. ಅಲ್ಲಿನ ಮಾಧವರಾಯ ಪೆರುಮಾಳ್ ಗುಡಿಗೂ ಅವನದೇ ಹೆಸರು. ಕನ್ನಡ ಅರಸನ ದಂಡನಾಯಕ, ತಮಿಳು ಹೆಸರಿನ ದೇವರು, ಎರಡು ಹೊಳೆಗಳ ಸಂಗಮ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1948ರಲ್ಲಿ, ಭವಾನಿಸಾಗರ ಅಣೆಕಟ್ಟಿನ ಕೆಲಸ ಆರಂಭವಾಗಿ 1955ರಲ್ಲಿ ಮುಗಿಯಿತು. ಕೋಟೆಯೂ ಗುಡಿಯೂ ನೀರಿನಡಿ ಸೇರಿದವು. ಆ ನೀರಿನಿಂದ ಲಕ್ಷಾಂತರ ಎಕರೆ ಹಸಿರಾಯಿತು. ನಮ್ಮಲ್ಲಿ ಅನೇಕರು ಉಣ್ಣುವ ಅನ್ನ ಅದರಿಂದ ಬಂದದ್ದು. ಅಣೆ ಕಟ್ಟಬಾರದಿತ್ತೆಂದು ನಾನು ಹೇಳಲಾರೆ. ಆದರೆ ಬರಗಾಲದ ವರ್ಷಗಳಲ್ಲಿ ನೀರು ಇಳಿದಾಗ ಗುಡಿ ಮೇಲೆದ್ದು ಕಾಣುತ್ತದೆ. ಅಂತಹ ಒಂದು ಬೇಸಗೆಯಲ್ಲಿ ನಾನೂ ದಡದಲ್ಲಿ ನಿಂತು ನೋಡಿದೆ. ಕೆಸರು ಮೆತ್ತಿದ ಕಂಬಗಳು, ಅವುಗಳ ಮೇಲೆ ಕುಳಿತ ನೀರುಕಾಗೆಗಳು. ನನ್ನ ಪಕ್ಕದಲ್ಲಿ ನಿಂತಿದ್ದ ಕಾಲೇಜಿನ ಹುಡುಗ, ‘ಯಾರೋ ಸಿನಿಮಾಕ್ಕೆ ಹಾಕಿದ ಸೆಟ್ಟೇ ಅಜ್ಜಾ?’ ಎಂದು ಕೇಳಿದ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅವನಿಗೆ ಹೇಳಿಕೊಟ್ಟವರು ಯಾರು?

ಇನ್ನು ಮೇಲಿನ ಸೀಮೆಗೆ ಬರೋಣ. ಬಂಡೀಪುರವನ್ನು ನೋಡದ ಹಳೆಯ ವಿದ್ಯಾರ್ಥಿಗಳು ನಮ್ಮಲ್ಲಿ ವಿರಳ. ಶಾಲೆಯ ಪ್ರವಾಸವೆಂದರೆ ಆಗ ಬಂಡೀಪುರ, ಗೋಪಾಲಸ್ವಾಮಿ ಬೆಟ್ಟ, ಮೈಸೂರು ಎಂಬ ಮೂರೇ ಹೆಸರು. ಮೈಸೂರಿನ ಅರಸರ ಆಳ್ವಿಕೆಯಲ್ಲಿ 1931ರಲ್ಲಿ ಅಲ್ಲಿ ಒಂದು ಚಿಕ್ಕ ಅಭಯಾರಣ್ಯವನ್ನು ಏರ್ಪಡಿಸಿ, 1941ರಲ್ಲಿ ಅದನ್ನು ಬಹಳವಾಗಿ ವಿಸ್ತರಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಹೆಸರಿಟ್ಟರು. ವೇಣುಗೋಪಾಲನೆಂದರೆ ಬೆಟ್ಟದ ಮೇಲಿನ ಗುಡಿಯಲ್ಲಿ ಕೊಳಲು ಹಿಡಿದು ನಿಂತ ದೇವರು. ಆ ಗುಡಿಯನ್ನು ಬಲ್ಲಾಳನ ಕಾಲದಲ್ಲಿ, ಕ್ರಿ.ಶ. 1315ರಲ್ಲಿ, ಕಟ್ಟಿಸಿದರೆಂದು ಹೇಳುತ್ತಾರೆ. ಅಲ್ಲಿಯೂ ಮಾಧವ ದಂಡನಾಯಕನ ಹೆಸರು ಕೇಳಿಬರುತ್ತದೆ. ಕಾಡನ್ನು ಕಾಪಾಡಲು ಹೊರಟವರು ಕಾಡಿಗೆ ಗುಡಿಯ ದೇವರ ಹೆಸರನ್ನೇ ಇಟ್ಟರೆಂಬುದನ್ನು ಗಮನಿಸಬೇಕು. ಅವರ ದೃಷ್ಟಿಯಲ್ಲಿ ಎರಡೂ ಒಂದೇ ಆಸ್ತಿಯಾಗಿತ್ತು. 1973ರಲ್ಲಿ ಹುಲಿ ಯೋಜನೆ ಬಂದು, ದೇಶದಲ್ಲಿ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾಗಿ, ಬಳಿಕ ರಾಷ್ಟ್ರೀಯ ಉದ್ಯಾನವಾಯಿತು. ವೇಣುಗೋಪಾಲನ ಹೆಸರು ಕಡತದಿಂದ ಜಾರಿಹೋಯಿತು.

ಹೆಸರು ಜಾರಿದ್ದು ದೊಡ್ಡ ಸಂಗತಿಯಲ್ಲ. ಆಡಳಿತದಲ್ಲಿ ಕಾಡು ಬೇರೆ, ಚರಿತ್ರೆ ಬೇರೆ ಎಂದು ಇಬ್ಭಾಗವಾದದ್ದು ದೊಡ್ಡ ಸಂಗತಿ. ಇದಕ್ಕೆ ಒಂದು ವಿಚಿತ್ರವಾದ ಸಾಕ್ಷಿಯಿದೆ. ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದದ್ದು 1972ರಲ್ಲಿ. ಆ ವರ್ಷದ ಕಾಯಿದೆಗಳ ಪಟ್ಟಿಯಲ್ಲಿ ಅದರ ಸಂಖ್ಯೆ 53. ಅದಕ್ಕೆ ಹಿಂದಿನ ಸಂಖ್ಯೆಯ, ಎಂದರೆ 52ನೆಯ ಕಾಯಿದೆ ಯಾವುದು? ಪ್ರಾಚೀನ ವಸ್ತುಗಳ ಮತ್ತು ಕಲಾನಿಧಿಗಳ ಕಾಯಿದೆ! ಎರಡಕ್ಕೂ ಒಂದೇ ದಿನ, ಸೆಪ್ಟೆಂಬರ್ 9ರಂದು, ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಅದೇ ವರ್ಷ ನವೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ಸಾಂಸ್ಕೃತಿಕ ಹಾಗೂ ನೈಸರ್ಗಿಕ ಪರಂಪರೆಗಳೆರಡನ್ನೂ ಒಂದೇ ಒಡಂಬಡಿಕೆಯಲ್ಲಿ ಸೇರಿಸಿತು. ಹಂಪೆ 1986ರಲ್ಲಿ, ಪಶ್ಚಿಮ ಘಟ್ಟಗಳು 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ಆ ಒಂದೇ ಒಡಂಬಡಿಕೆಯಿಂದ. ನಮ್ಮಲ್ಲಿ ಮಾತ್ರ ಅವಳಿ ಮಕ್ಕಳಂತೆ ಹುಟ್ಟಿದ ಎರಡು ಕಾಯಿದೆಗಳು ಎರಡು ಮನೆಗೆ ದತ್ತು ಹೋದವು. ಒಂದು ಅರಣ್ಯ ಇಲಾಖೆಗೆ, ಇನ್ನೊಂದು ಪುರಾತತ್ತ್ವದವರಿಗೆ.

ಇದರ ಫಲವನ್ನು ನಾನೇ ಉಂಡಿದ್ದೇನೆ. ನಿವೃತ್ತನಾದ ಬಳಿಕ, ನಮ್ಮೂರ ಆ ಹುಲಿವೀರನ ಕಲ್ಲು ಒಂದು ಪಕ್ಕಕ್ಕೆ ವಾಲಿರುವುದನ್ನೂ ಅದರ ಬುಡವನ್ನು ಯಾರೋ ಅಗೆದಿರುವುದನ್ನೂ ಕಂಡು, ಒಂದು ಕಚೇರಿಗೆ ಕಾಗದ ಬರೆದೆ. ಬಹಳ ದಿನಗಳ ಮೇಲೆ, ಕಲ್ಲಿನ ವಿಷಯ ತಮಗೆ ಸಂಬಂಧಿಸಿದ್ದಲ್ಲ, ತಮ್ಮ ಕೆಲಸ ಮರ ಮೃಗಗಳ ರಕ್ಷಣೆ ಎಂದು ಉತ್ತರ ಬಂದಿತು. ಇನ್ನೊಂದು ಕಚೇರಿಗೆ ಬರೆದೆ. ಆ ಕಲ್ಲು ತಮ್ಮ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿಲ್ಲ, ಅಲ್ಲದೆ ಜಾಗ ಕಾಡಿನದು ಎಂಬ ಉತ್ತರ ಅಲ್ಲಿಂದ. ಎರಡು ಉತ್ತರಗಳೂ ಕಾನೂನಿಗೆ ಅನುಸಾರವಾಗಿಯೇ ಇದ್ದವು. ಸ್ಮಾರಕವೆಂದು ಸರ್ಕಾರ ಘೋಷಿಸಿದ್ದನ್ನು ಮಾತ್ರ ಕಾಪಾಡುವ ಹೊಣೆ ಒಬ್ಬರದು. ಕಾಡಿನ ಗಡಿ, ಬೇಟೆ, ಬೆಂಕಿ ಇವುಗಳ ಹೊಣೆ ಮತ್ತೊಬ್ಬರದು. ನಡುವೆ ಬಿದ್ದದ್ದು ಅನಾಥ. ಕಾಡಿನ ಕಾವಲುಗಾರನೊಬ್ಬನನ್ನು ಕಂಡು ಕೇಳಿದಾಗ ಅವನು ಹೇಳಿದ ಮಾತು ಹೀಗಿತ್ತು: ‘ಮೇಷ್ಟ್ರೇ, ಒಂದು ಜಿಂಕೆ ಸತ್ತರೆ ನಾನು ಮಹಜರು ಬರೆಯಬೇಕು. ಕಲ್ಲು ಕಾಣೆಯಾದರೆ ಬರೆಯೋಕೆ ನನ್ನ ಹತ್ತಿರ ಪುಸ್ತಕವೇ ಇಲ್ಲ.’

ಬುಡವನ್ನು ಅಗೆದವರು ಯಾರೆಂಬುದು ಎಲ್ಲರಿಗೂ ಗೊತ್ತಿರುವ ವಿಷಯವೇ. ಕಲ್ಲಿನ ಕೆಳಗೆ ಕೊಪ್ಪರಿಗೆ ಹೊನ್ನಿದೆಯೆಂಬ ಮೂಢನಂಬಿಕೆಯಿಂದ ಅಮಾವಾಸ್ಯೆಯ ರಾತ್ರಿ ಹಾರೆ ಹಿಡಿದು ಹೊರಡುವ ನಿಧಿಗಳ್ಳರು ನಮ್ಮ ಎರಡೂ ರಾಜ್ಯಗಳಲ್ಲಿ ಇದ್ದಾರೆ. ವೀರಗಲ್ಲಿನ ಕೆಳಗೆ ಹೊನ್ನಿಡುವ ಪದ್ಧತಿ ಇರಲಿಲ್ಲವೆಂದು ಯಾರು ಎಷ್ಟು ಹೇಳಿದರೂ ಅವರಿಗೆ ನಾಟದು. ಊರೊಳಗಿನ ಕಲ್ಲಾದರೆ ನಾಯಿ ಬೊಗಳೀತು, ಯಾರಾದರೂ ಎದ್ದುಬಂದಾರು. ಕಾಡಿನೊಳಗಿನ ಕಲ್ಲಿಗೆ ಆ ರಕ್ಷಣೆಯೂ ಇಲ್ಲ. ಜನರನ್ನು ಕಾಡಿನಿಂದ ಹೊರಗಿಟ್ಟ ಮೇಲೆ, ಜನರು ನೋಡಿಕೊಳ್ಳುತ್ತಿದ್ದುದನ್ನು ಇನ್ನಾರಾದರೂ ನೋಡಿಕೊಳ್ಳಲೇಬೇಕಲ್ಲವೆ?

ಹೊರದೇಶಗಳಲ್ಲಿ ಏನು ಮಾಡಿದ್ದಾರೆಂಬುದನ್ನೂ ನೋಡಬಹುದು. ಜಗತ್ತಿನ ಮೊತ್ತಮೊದಲ ರಾಷ್ಟ್ರೀಯ ಉದ್ಯಾನವೆನಿಸಿದ ಯೆಲ್ಲೋಸ್ಟೋನ್ ಅಮೆರಿಕದಲ್ಲಿ 1872ರಲ್ಲಿ ಏರ್ಪಟ್ಟಿತು. 1906ರಲ್ಲಿ ಅದೇ ದೇಶದವರು ಮೆಸಾ ವರ್ಡೆ ಎಂಬಲ್ಲಿ, ಪ್ರಾಚೀನ ಜನರು ಬಂಡೆಯ ಪೊಟರೆಗಳಲ್ಲಿ ಕಟ್ಟಿದ್ದ ಮನೆಗಳನ್ನು ಉಳಿಸಲೆಂದೇ ಇನ್ನೊಂದು ಉದ್ಯಾನವನ್ನು ಮಾಡಿದರು. 1916ರಲ್ಲಿ ಉದ್ಯಾನಗಳಿಗಾಗಿಯೇ ಒಂದು ಇಲಾಖೆಯನ್ನು ಸ್ಥಾಪಿಸಿದಾಗ, ಪ್ರಕೃತಿಯ ಚೆಲುವು, ವನ್ಯಜೀವಿಗಳು, ಚಾರಿತ್ರಿಕ ವಸ್ತುಗಳು, ಇವೆಲ್ಲವನ್ನೂ ಮುಂದಿನ ಪೀಳಿಗೆಗೆ ಕೆಡದಂತೆ ಒಪ್ಪಿಸುವ ಹೊಣೆಯನ್ನು ಒಂದೇ ಕಾಯಿದೆಯಲ್ಲಿ ಒಂದೇ ಇಲಾಖೆಗೆ ವಹಿಸಿದರು. ಅಲ್ಲಿ ಎಲ್ಲವೂ ಒಳ್ಳೆಯದೇ ಆಯಿತೆಂದಲ್ಲ. ಆ ನೆಲದ ಮೂಲನಿವಾಸಿಗಳನ್ನು ಹೊರಗಟ್ಟಿದ ಕಳಂಕ ಆ ಉದ್ಯಾನಗಳಿಗೆ ಅಂಟಿಯೇ ಇದೆ. ಆದರೆ ಹೊಣೆ ಯಾರದೆಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ.

ನಮ್ಮ ದೇಶದಲ್ಲಿಯೂ ಮನಸ್ಸು ಮಾಡಿದಲ್ಲಿ ಕೆಲಸವಾಗಿದೆ. ರಾಜಸ್ಥಾನದ ರಣಥಂಭೋರ್ ಕೋಟೆ ಹುಲಿಗಳ ಉದ್ಯಾನದ ನಡುವೆಯೇ ಇದ್ದು, 2013ರಲ್ಲಿ ಬೇರೆ ಗಿರಿದುರ್ಗಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಮಧ್ಯಪ್ರದೇಶದ ಬಾಂಧವಗಢದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯವರು 2022ರಲ್ಲಿ ಹುಲಿಗಳ ಕಾಡಿನೊಳಗೇ ಶೋಧ ನಡೆಸಿ, 26 ಗುಹೆಗಳನ್ನೂ ಗುಡಿಗಳನ್ನೂ ಬ್ರಾಹ್ಮಿ ಶಾಸನಗಳನ್ನೂ ದಾಖಲಿಸಿದರು. ಅದಕ್ಕೆ ಹಿಂದಿನ ಶೋಧ ನಡೆದದ್ದು 1938ರಲ್ಲಿ! ಎಂಬತ್ತು ವರ್ಷಗಳಿಗೊಮ್ಮೆಯಾದರೂ ನಡೆಯಿತೆಂದು ಸಂತೋಷಪಡಬೇಕೋ, ಅಷ್ಟು ಕಾಲ ನಡೆಯಲಿಲ್ಲವೆಂದು ಮರುಗಬೇಕೋ ವಾಚಕರೇ ನಿರ್ಣಯಿಸಲಿ. ನಮ್ಮ ಸತ್ಯಮಂಗಲ, ಮುದುಮಲೆ, ಬಂಡೀಪುರಗಳಿಗೂ ಅಂತಹ ಒಂದು ಸಂಯುಕ್ತ ಶೋಧ ಬೇಕು. ಈ ಮೂರು ಕಾಡುಗಳು ಒಂದಕ್ಕೊಂದು ಹೊಂದಿಕೊಂಡೇ ಇವೆ. ಆನೆಗಳು ರಾಜ್ಯದ ಗಡಿಯನ್ನು ಕೇಳದೆ ಓಡಾಡುತ್ತವೆ. ಹೊಯ್ಸಳರ ಕಾಲದ ಕಲ್ಲುಗಳು ಕೂಡ ಯಾವ ರಾಜ್ಯದಲ್ಲಿ ಬೀಳುತ್ತೇವೆಂದು ಯೋಚಿಸಿ ನಿಂತವುಗಳಲ್ಲ.

ಚರಿತ್ರೆಯೆಂದರೆ ಕಲ್ಲು ಮಾತ್ರವೂ ಅಲ್ಲ. ಹಾಸನೂರಿನ ಕಡೆ ನನಗೆ ಪರಿಚಿತರಾಗಿದ್ದ ಸೋಲಿಗ ಹಿರಿಯರೊಬ್ಬರಿದ್ದರು. ಅವರು ‘ತರಗು ಬೆಂಕಿ’ಯ ವಿಷಯವನ್ನು ನನಗೆ ಬಿಡಿಸಿ ಹೇಳಿದರು. ಬೇಸಗೆ ಬಲಿಯುವ ಮುನ್ನ, ನೆಲದಲ್ಲಿ ಇನ್ನೂ ತೇವವಿರುವಾಗ, ಒಣಗಿದ ತರಗಿಗೆ ಸಣ್ಣಗೆ ಕಿಚ್ಚಿಡುವುದು. ಬೆಂಕಿ ಮೊಣಕಾಲೆತ್ತರ ಏಳುವುದಿಲ್ಲ, ಮರಕ್ಕೆ ತಗಲುವುದಿಲ್ಲ. ಹುಲ್ಲು ಹೊಸದಾಗಿ ಚಿಗುರುತ್ತದೆ, ನೆಲ್ಲಿಮರಕ್ಕೆ ಹತ್ತುವ ಬದನಿಕೆ ಹತೋಟಿಯಲ್ಲಿರುತ್ತದೆ, ಲಂಟಾನದ ಪೊದೆ ಬೆಳೆಯಗೊಡುವುದಿಲ್ಲ ಎಂಬುದು ಸೋಲಿಗರ ಅನುಭವ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಇಂದು ಲಂಟಾನ ಎಷ್ಟು ದಟ್ಟವಾಗಿದೆಯೆಂದರೆ ಅನೇಕ ಕಡೆ ಜಿಂಕೆಗೆ ಮೇವಿಲ್ಲ, ಮನುಷ್ಯನಿಗೆ ಕಾಲಿಡಲು ದಾರಿಯಿಲ್ಲ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಬಂಡೀಪುರಕ್ಕೆ ಬಿದ್ದ ಬೆಂಕಿ ಸಾವಿರಾರು ಎಕರೆಗಳನ್ನು ಸುಟ್ಟಿತು. ಸಣ್ಣ ಬೆಂಕಿಯನ್ನು ನಿಷೇಧಿಸಿದ್ದರಿಂದಲೇ ದೊಡ್ಡ ಬೆಂಕಿ ಬಂದಿತೆಂದು ಹೇಳುವಷ್ಟು ವಿದ್ವತ್ತು ನನಗಿಲ್ಲ. ಆದರೆ ಬೆಂಕಿಯ ಹದ ಬಲ್ಲವರನ್ನು ಒಂದು ಮಾತು ಕೇಳಬಹುದಿತ್ತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆತದ್ದು ಸಮಾಧಾನದ ಸಂಗತಿ. ಅಲ್ಲಿನ ದೊಡ್ಡ ಸಂಪಿಗೆಯ ಮರ ಇಂದಿಗೂ ನಿಂತಿರುವುದು ಬೇಲಿಯಿಂದಲ್ಲ; ಅದನ್ನು ಅವರು ದೇವರೆಂದು ತಿಳಿದಿರುವುದರಿಂದ.

ಇಷ್ಟು ಹೇಳಿದ ಮೇಲೆ, ಇಲಾಖೆಗಳನ್ನು ದೂರುವುದು ಸುಲಭ, ನಮ್ಮನ್ನು ನಾವು ನೋಡಿಕೊಳ್ಳುವುದು ಕಷ್ಟ ಎಂಬುದನ್ನೂ ಹೇಳಬೇಕಾಗುತ್ತದೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷಿದ್ಧ. ದಿಂಬಂ ಘಟ್ಟದಲ್ಲಿಯೂ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿಯಿಂದ ರಾತ್ರಿ ನಿರ್ಬಂಧ ಬಂದಿತು. ಇದರಿಂದ ನಮ್ಮವರಿಗೆ ತೊಂದರೆಯಾಗಿಲ್ಲವೆಂದು ನಾನು ಹೇಳುವುದಿಲ್ಲ. ತಾಳವಾಡಿಯ ರೈತರು ಟೊಮೇಟೊ, ಕೋಸು ತುಂಬಿದ ಗಾಡಿಗಳನ್ನು ಕಟ್ಟೆಯಲ್ಲಿ ನಿಲ್ಲಿಸಿಕೊಂಡು ಬೆಳಗಾಗುವವರೆಗೆ ಕಾಯಬೇಕಾದರೆ ಅವರ ಸಿಟ್ಟಿಗೆ ಅರ್ಥವಿದೆ. ಅವರಿಗೆ ಶೀತಲ ಗೃಹ, ಸಮೀಪದ ಮಾರುಕಟ್ಟೆ, ತುರ್ತು ಚಿಕಿತ್ಸೆಯ ಏರ್ಪಾಡು ಇವನ್ನು ಮಾಡಿಕೊಡುವುದು ಸರ್ಕಾರದ ಕರ್ತವ್ಯ. ಆದರೆ ಸೂಲೂರಿನಿಂದ ಕಾರಿನಲ್ಲಿ ಮದುವೆಗೆ ಹೊರಡುವ ನಾವು ಮಧ್ಯಾಹ್ನವೇ ಹೊರಟರೆ ಕಳೆದುಕೊಳ್ಳುವುದೇನು? ನನ್ನ ಸ್ವಂತ ಸೋದರಳಿಯನೇ, ‘ಮಾವ, ಎರಡು ಆನೆಗಾಗಿ ನೂರು ಜನ ಕಾಯಬೇಕೇ?’ ಎಂದು ವಾದ ಹೂಡಿದ್ದ. ಅದೇ ಹುಡುಗ ಕಟ್ಟೆಯಲ್ಲಿ ಅರ್ಧ ಗಂಟೆ ನಿಂತಾಗ, ಮರಿಯಾನೆಯೊಂದು ತಾಯಿಯ ಕಾಲ ನಡುವೆ ನುಸುಳಿ ರಸ್ತೆ ದಾಟುವುದನ್ನು ಕಂಡು ಬಂದು, ಎರಡು ದಿನ ಅದನ್ನೇ ಹೇಳುತ್ತಿದ್ದ.

ನನ್ನ ಬಳಗದವರಲ್ಲಿ ಇನ್ನೂ ಕೆಲವರು, 2013ರಲ್ಲಿ ಸತ್ಯಮಂಗಲವು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದಾಗ, ಊರನ್ನೇ ಎಬ್ಬಿಸಿಬಿಡುವರೆಂದು ಹೆದರಿ ನನ್ನಲ್ಲಿಗೆ ಬಂದಿದ್ದರು. ಹುಲಿಗಳ ಸಂಖ್ಯೆ 2010ಕ್ಕಿಂತ ಇಮ್ಮಡಿಯಾಯಿತೆಂದು ಆ ಕಾಡಿಗೆ 2022ರಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿತು. ಸಂತೋಷ. ಆದರೆ ಕಬ್ಬು ಬಾಳೆಗಳನ್ನು ಆನೆ ತುಳಿದುಹೋದ ರೈತನ ಮುಂದೆ ನಿಂತು ಆ ಪ್ರಶಸ್ತಿಯ ಮಾತನ್ನು ಆಡಲು ನನಗೆ ಧೈರ್ಯವಿಲ್ಲ.

ಇನ್ನು ನಮ್ಮ ಭಕ್ತಿಯ ರೀತಿ. ಹಿಂದೆ ನಾವು ಮಕ್ಕಳನ್ನು ಕರೆದುಕೊಂಡು ಹೋದಾಗ ಪುಳಿಯೋಗರೆ, ಮೊಸರನ್ನಗಳನ್ನು ಬಾಳೆಯೆಲೆಯಲ್ಲಿ ಕಟ್ಟಿಕೊಳ್ಳುತ್ತಿದ್ದೆವು. ಎಲೆಯನ್ನು ಎಸೆದರೆ ದನವೋ ಕೋತಿಯೋ ತಿನ್ನುತ್ತಿತ್ತು. ಇಂದು ಬಣ್ಣಾರಿ ಅಮ್ಮನ ಕೊಂಡದ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಜಾತ್ರೆ ಮುಗಿದ ಮರುದಿನ ಕಾಡಿನಂಚಿನಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಚೀಲಗಳನ್ನೂ ಬಾಟಲಿಗಳನ್ನೂ ಕಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ವಾಹನಗಳನ್ನು ಬುಡದಲ್ಲಿಯೇ ತಡೆದು ಸರ್ಕಾರಿ ಬಸ್ಸಿನಲ್ಲಿ ಮಾತ್ರ ಮೇಲೆ ಕಳುಹಿಸುವ ಪದ್ಧತಿ ಬಂದಾಗ ಅನೇಕರು ಗೊಣಗಿದರು; ಬಸ್ಸಿನಲ್ಲಿ ಹೋದುದರಿಂದ ದೇವರ ದರ್ಶನದಲ್ಲಿ ಏನೂ ಕಡಿಮೆಯಾದುದು ನನಗೆ ಕಾಣಲಿಲ್ಲ. ಇದಕ್ಕಿಂತ ನನಗೆ ನೋವಾಗುವುದು ಜೀರ್ಣೋದ್ಧಾರದ ಹೆಸರಿನಲ್ಲಿ ನಡೆಯುವ ಕೆಲಸ. ಹೊರನಾಡಿನಲ್ಲಿ ಸಂಪಾದಿಸಿದ ಭಕ್ತರೊಬ್ಬರು ಹಣ ಕೊಡುತ್ತಾರೆ. ಹಳೆಯ ಕಲ್ಲುಕಂಬಕ್ಕೆ ಎಣ್ಣೆಬಣ್ಣ, ನೆಲಕ್ಕೆ ನುಣ್ಣನೆಯ ಟೈಲ್ಸು, ಶಾಸನದ ಮೇಲೆ ಸಿಮೆಂಟು, ಅದರ ಮೇಲೆ ದಾನಿಯ ಹೆಸರಿನ ಅಮೃತಶಿಲೆ. ಏಳನೆಯ ತರಗತಿಯಲ್ಲಿ ನಾನು ಮೊಳೆಯಿಂದ ಮಾಡಿದ್ದನ್ನೇ ಇವರು ದೊಡ್ಡ ವೆಚ್ಚದಲ್ಲಿ ಮಾಡುತ್ತಿದ್ದಾರೆ, ಅಷ್ಟೆ.

ಮೋಯಾರಿನ ಕಣಿವೆಯಲ್ಲಿ ರಣಹದ್ದುಗಳಿವೆ. ದೇಶದ ತುಂಬ ಇದ್ದ ಆ ಹಕ್ಕಿಗಳು, ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿಯ ವಿಷ ಸತ್ತ ದನದ ಮಾಂಸದಿಂದ ಒಡಲು ಸೇರಿ ಬಹುಪಾಲು ಅಳಿದವು. 2006ರಲ್ಲಿ ದನಗಳಿಗೆ ಆ ಔಷಧಿಯನ್ನು ಕೊಡುವುದನ್ನು ನಿಷೇಧಿಸಿದರು. ದಕ್ಷಿಣ ಭಾರತದಲ್ಲಿ ರಣಹದ್ದುಗಳು ಹೆಚ್ಚಾಗಿ ಗೂಡು ಕಟ್ಟಿ ಮರಿ ಮಾಡುವ ನೆಲೆ ಈಗ ಈ ಕಣಿವೆಯೇ. ಹೊಳೆಯ ದಡದ ಮತ್ತಿಮರಗಳ ತುದಿಯಲ್ಲಿ ಅವುಗಳ ಗೂಡು. ಅದೇ ಹೊಳೆಯ ದಡದಲ್ಲಿ ನಮ್ಮ ಹಿರಿಯರು ನಡೆದ ದಾರಿಯೂ ಇದೆ. ಗೂಡಿಗೂ ಹಳೆಯ ದಾರಿಗೂ ಬೇಕಾದದ್ದು ಒಂದೇ: ಗದ್ದಲವಿಲ್ಲದಿರುವುದು. ಆದುದರಿಂದ ಕಾಡಿನೊಳಗಿನ ಗುಡಿ, ಕೋಟೆಗಳನ್ನು ಕಾಪಾಡಿರೆಂದು ನಾನು ಕೇಳುವಾಗ, ಅಲ್ಲಿಗೆ ರಸ್ತೆ ಹಾಕಿರಿ, ಪ್ರವಾಸಿ ಬಂಗಲೆ ಕಟ್ಟಿರಿ ಎಂದು ಕೇಳುತ್ತಿರುವುದಾಗಿ ಯಾರೂ ತಪ್ಪು ತಿಳಿಯಬಾರದು. ನನ್ನ ಬೇಡಿಕೆ ಬಹಳ ಚಿಕ್ಕದು. ಕಾಡಿನ ಕಾವಲುಗಾರನ ಕೈಯಲ್ಲಿ ಇನ್ನೊಂದು ಪುಸ್ತಕವಿರಲಿ. ಎಲ್ಲಿ ಯಾವ ಕಲ್ಲಿದೆ, ಎಷ್ಟು ಎತ್ತರ, ಯಾವ ಚಿತ್ರ, ಬರಹವುಂಟೋ ಇಲ್ಲವೋ, ಕಳೆದ ಸಲ ನೋಡಿದಾಗ ಹೇಗಿತ್ತು, ಇಷ್ಟನ್ನು ಅವನು ಗಸ್ತಿನ ದಿನ ಬರೆದಿಡಲಿ. ಪುರಾತತ್ತ್ವದವರು ವರ್ಷಕ್ಕೊಮ್ಮೆ ಬಂದು ಆ ಪುಸ್ತಕವನ್ನು ನೋಡಿ ಸಹಿ ಹಾಕಲಿ. ಆ ಪುಸ್ತಕವು ಕಚೇರಿಯಲ್ಲಿಯೇ ಇರಲಿ. ಜಾಗದ ವಿವರ ಊರೆಲ್ಲ ಹರಡಿದರೆ ನಿಧಿಗಳ್ಳರಿಗೆ ನಾವೇ ದಾರಿ ತೋರಿದಂತಾದೀತು.

ಈ ಕೆಲಸಕ್ಕೆ ನಮ್ಮ ಶಾಲೆಯವರು ನೆರವಾಗಬಹುದು. ಶಾಸನವನ್ನು ಓದಲು ಕನ್ನಡವೂ ಬೇಕು, ತಮಿಳೂ ಬೇಕು. ಎರಡನ್ನೂ ಬಲ್ಲ ಮಕ್ಕಳು ನಮ್ಮಲ್ಲಿರುವಷ್ಟು ಬೇರೆಲ್ಲಿದ್ದಾರೆ? ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅಧ್ಯಾಪಕರಿದ್ದಾರೆ, ವಕೀಲರಿದ್ದಾರೆ, ಛಾಯಾಚಿತ್ರಕಾರರೂ ಇದ್ದಾರೆ. ಇಲಾಖೆಯ ಅನುಮತಿ ಪಡೆದು, ಕಾವಲುಗಾರರ ಜೊತೆಯಲ್ಲಿಯೇ ಹೋಗಿ, ಸುಣ್ಣ, ಸೀಮೆಸುಣ್ಣ, ಎಣ್ಣೆ, ಕುಂಕುಮ ಯಾವುದನ್ನೂ ಕಲ್ಲಿಗೆ ಮುಟ್ಟಿಸದೆ ಚಿತ್ರ ತೆಗೆದುಕೊಂಡು ಬರಬೇಕು, ಅಷ್ಟೆ. ಮೊದಲಿಗೆ ಕಾಡಿಗೆ ಹೋಗಲೇಬೇಕೆಂದೂ ಇಲ್ಲ. ಸೂಲೂರಿನ ಕೆರೆಯ ಸುತ್ತಮುತ್ತಲ ಕಲ್ಲುಗಳಿಂದಲೇ ಆರಂಭಿಸಬಹುದು.

ಮೂರು ವರ್ಷಗಳ ಹಿಂದೆ ಮೊಮ್ಮಗನನ್ನು ಕರೆದುಕೊಂಡು ನಮ್ಮೂರಿಗೆ ಹೋಗಿದ್ದೆ. ಕಾವಲುಗಾರನ ಅನುಮತಿ ಪಡೆದು ಆ ಕಲ್ಲಿನ ಬಳಿಗೂ ಹೋದೆವು. ಕಲ್ಲು ಇನ್ನಷ್ಟು ವಾಲಿದೆ. ಲಂಟಾನ ಸುತ್ತಿಕೊಂಡಿದೆ. ಹುಲಿಯ ಮುಖ ಸವೆದಿದೆ, ವೀರನ ಕಠಾರಿ ಉಳಿದಿದೆ. ಹುಡುಗ ಬಗ್ಗಿ ಕೆಳಗಿನ ಬರಹವನ್ನು ಓದಲು ಯತ್ನಿಸಿದ. ಹಳೆಯ ಸಾಲುಗಳಲ್ಲಿ ಒಂದಕ್ಷರವೂ ಅವನಿಗೆ ತಿಳಿಯಲಿಲ್ಲ. ‘ಇಲ್ಲಿ ನಿಮ್ಮ ಹೆಸರಿದೆ ತಾತ’ ಎಂದ. ನನ್ನ ಹೆಸರಿನ ಅಡಿಯಲ್ಲಿ ಯಾರ ಹೆಸರಿತ್ತೆಂದು ಇನ್ನು ಯಾರೂ ಓದಲಾರರು. ಎಲ್ಲಿ, ಯಾವಾಗ, ಯಾವ ಮೊಳೆಯಿಂದ ಎಂದು ಅವನು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಮನೆಗೆ ಬಂದು ಇಬ್ಬರೂ ಸೇರಿ ನೂರು ಪುಟದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಕಲ್ಲಿನ ವಿವರವನ್ನು ಬರೆದಿಟ್ಟಿದ್ದೇವೆ. ಉಳಿದ ತೊಂಬತ್ತೊಂಬತ್ತು ಪುಟಗಳು ಖಾಲಿ ಇವೆ. ಮಹೋತ್ಸವದ ದಿನ ಆ ನೋಟ್‌ಬುಕ್ಕನ್ನು ಶಾಲೆಯ ವಾಚನಾಲಯದ ಮೇಜಿನ ಮೇಲೆ ಇಟ್ಟಿರುತ್ತೇನೆ.